ನೂರು ವಾದ್ಯಗಳ ಕಛೇರಿಗೆ ನಮ್ಮವರೂ ಹೋಗಬೇಕೆ?

ಕಳೆದ ಸಂಚಿಕೆ ವಾಚಕರ ಕೈಸೇರಿದ ಮೇಲೆ ಡೊಂಬಿವಲಿಯ ಒಬ್ಬ ಗೃಹಿಣಿ ನಮಗೊಂದು ಕಾಗದ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಅವರು ಕೇಳಿಕೊಂಡಿರುವುದರಿಂದ ಹೆಸರು ಬೇಡ. ಮಾತು ಮಾತ್ರ ನಮ್ಮ ಅನೇಕ ಮನೆಗಳದು. ಅವರ ಮಗಳು ಹನ್ನೊಂದು ವರ್ಷದವಳು. ಎರಡು ವರ್ಷದಿಂದ ಪಾಶ್ಚಾತ್ಯ ಪದ್ಧತಿಯ ಪಿಟೀಲು ಕಲಿಯುತ್ತಿದ್ದಾಳೆ. ಮುಂಬಯಿಯ ನರಿಮನ್ ಪಾಯಿಂಟಿನಲ್ಲಿ ನಡೆಯುವ ದೊಡ್ಡ ವಾದ್ಯವೃಂದದ ಕಛೇರಿಯನ್ನು ಈ ಸಲ ತಪ್ಪದೆ ಕೇಳಿ ಬರಬೇಕೆಂದು ಅವಳ ಗುರುಗಳು ಹೇಳಿದ್ದಾರೆ. ಮನೆಯಲ್ಲಿ ಈಗ ಅದರದೇ ಚರ್ಚೆ. ಧಾರವಾಡದ ಕಡೆಯವರಾದ ಅತ್ತೆಯವರು, “ಭೀಮಸೇನ ಜೋಶಿಯವರನ್ನ ಕೇಳಿ ಬೆಳದ ಮನಿ ಇದು. ಆ ಗದ್ದಲಾ ಕೇಳಾಕ ಅಷ್ಟು ದೂರ ಯಾಕ ಹೋಗಬೇಕು?” ಎನ್ನುತ್ತಾರಂತೆ. ಯಜಮಾನರು ನಾಲ್ಕು ಟಿಕೆಟಿನ ಹಣ, ಲೋಕಲ್ ಗಾಡಿಯ ನೂಕುನುಗ್ಗಲು, ಮರುದಿನದ ಆಫೀಸು ಎಂದು ಲೆಕ್ಕ ಹಾಕುತ್ತಾರಂತೆ. ಹುಡುಗಿ ಏನೂ ಹೇಳದೆ ದಿನವೂ ಕ್ಯಾಲೆಂಡರು ನೋಡುತ್ತಾಳಂತೆ.

ಕಾಗದದ ಎರಡನೆಯ ಪುಟದಲ್ಲಿ ಇನ್ನೊಂದು ಮಾತಿದೆ. ಅತ್ತೆಯವರ ನಿಜವಾದ ಸಂಕಟ ಅಲ್ಲಿದೆಯೆಂದು ನಮಗೆ ತೋರುತ್ತದೆ. ಮಗು ಶಾಲೆಯಲ್ಲಿ ಇಂಗ್ಲಿಷು, ನೆರೆಮನೆಯಲ್ಲಿ ಮರಾಠಿ, ಆಟದಲ್ಲಿ ಹಿಂದಿ ಆಡುತ್ತದೆ. ಕನ್ನಡ ಉಳಿದಿರುವುದು ಅಜ್ಜಿಯ ಕೋಣೆಯಲ್ಲಿ ಮಾತ್ರ. ಈಗ ಸಂಗೀತವೂ ಹೊರಗಿನದಾದರೆ ತನಗೂ ಮೊಮ್ಮಗಳಿಗೂ ನಡುವೆ ಉಳಿಯುವುದೇನು ಎಂದು ಆ ಹಿರಿಯರು ಒಂದು ರಾತ್ರಿ ಕೇಳಿದರಂತೆ. “ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನೀವೇ ಒಂದು ತೀರ್ಪು ಹೇಳಿ” ಎಂದು ತಾಯಿ ಕಾಗದ ಮುಗಿಸಿದ್ದಾರೆ.

ತೀರ್ಪು ಹೇಳುವಷ್ಟು ದೊಡ್ಡವರು ನಾವಲ್ಲ. ಆದರೆ ಠಾಣೆಯಿಂದ ಕಲ್ಯಾಣದವರೆಗೆ, ಇತ್ತ ವಾಶಿ, ನೆರೂಳಿನಲ್ಲಿಯೂ, ಮಕ್ಕಳಿಗೆ ಪಿಟೀಲು, ಪಿಯಾನೊ, ಕೀಬೋರ್ಡು ಕಲಿಸುತ್ತಿರುವ ಕನ್ನಡ ಮನೆಗಳು ಈಗ ಕಡಿಮೆಯಿಲ್ಲ. ಆದುದರಿಂದ ಈ ಸಲದ ನಮ್ಮ ಪುಟವನ್ನು ಈ ಪ್ರಶ್ನೆಗೇ ಮೀಸಲಿಡುತ್ತೇವೆ.

ಮೊದಲು ಈ ವಾದ್ಯವೃಂದ ಯಾವುದೆಂದು ತಿಳಿಯೋಣ. ಜೆ.ಆರ್.ಡಿ. ಟಾಟಾ ಅವರೂ ಜಮ್‌ಶೆಡ್ ಭಾಭಾ ಅವರೂ ಸೇರಿ 1969ರಲ್ಲಿ ಸ್ಥಾಪಿಸಿದ ಸಂಸ್ಥೆ ಎನ್.ಸಿ.ಪಿ.ಎ. ಅಣುವಿಜ್ಞಾನಿ ಹೋಮಿ ಭಾಭಾ ಅವರ ತಮ್ಮನೇ ಈ ಜಮ್‌ಶೆಡ್ ಭಾಭಾ. ನರಿಮನ್ ಪಾಯಿಂಟಿನ ತುದಿಯಲ್ಲಿ, ಸಮುದ್ರವನ್ನು ಹಿಂದೆ ಸರಿಸಿ ಮಾಡಿದ ನೆಲದ ಮೇಲೆ ಅದರ ಸಭಾಗೃಹಗಳಿವೆ. ಅವುಗಳಲ್ಲಿ ದೊಡ್ಡದಾದ ಜಮ್‌ಶೆಡ್ ಭಾಭಾ ಥಿಯೇಟರು 1997ರಲ್ಲಿ, ಕಟ್ಟಡ ಮುಗಿಯುತ್ತ ಬಂದಾಗ, ಬೆಂಕಿಗೆ ಆಹುತಿಯಾಯಿತು. ಧೈರ್ಯಗೆಡದೆ ಮತ್ತೆ ಕಟ್ಟಿ 1999ರಲ್ಲಿ ತೆರೆದರು. ಸುಮಾರು 1,100 ಜನ ಕೂರುವ ಈ ಮಂದಿರವೇ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಮನೆ. ಆ ವಾದ್ಯವೃಂದವನ್ನು 2006ರಲ್ಲಿ ಎನ್.ಸಿ.ಪಿ.ಎ.ಯ ಖುಷ್ರೂ ಸನ್‌ಟೂಕ್ ಅವರು ಕಜಾಖಸ್ತಾನದ ಪಿಟೀಲು ವಿದ್ವಾಂಸ ಮರಾತ್ ಬಿಸೆನ್‌ಗಾಲಿಯೇವ್ ಅವರೊಂದಿಗೆ ಕೂಡಿ ಕಟ್ಟಿದರು. ವರ್ಷಕ್ಕೆ ಎರಡು ಕಛೇರಿಗಳ ಋತು: ಮಳೆಗಾಲದ ಕೊನೆಗೆ ಸೆಪ್ಟೆಂಬರಿನ ಸುಮಾರಿಗೆ ಒಂದು, ಚಳಿಗಾಲದ ಕೊನೆಗೆ ಫೆಬ್ರುವರಿಯ ಸುಮಾರಿಗೆ ಇನ್ನೊಂದು. ಗಣಪತಿಯ ಹಬ್ಬದ ಗಡಿಬಿಡಿಯಲ್ಲಿ ಮೊದಲನೆಯದನ್ನು ಮರೆಯುವವರೇ ಹೆಚ್ಚು.

ಇದು ಮುಂಬಯಿಗೆ ತೀರ ಹೊಸತೂ ಅಲ್ಲ. 1935ರಲ್ಲಿಯೇ ಮೆಹ್ಲಿ ಮೆಹ್ತಾ ಎಂಬ ಪಾರ್ಸಿ ಮಹನೀಯರು ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಸ್ಥಾಪಿಸಿದ್ದರು. ಮರು ವರ್ಷ ಅವರಿಗೆ ಹುಟ್ಟಿದ ಮಗನೇ ಜುಬಿನ್ ಮೆಹ್ತಾ. ತಂದೆಯ ತಾಲೀಮುಗಳನ್ನು ಕೇಳುತ್ತ ಬೆಳೆದ ಆ ಹುಡುಗ ಮುಂದೆ ಲಾಸ್ ಏಂಜಲಿಸ್, ನ್ಯೂಯಾರ್ಕ್, ಇಸ್ರೇಲ್‌ಗಳ ವಾದ್ಯವೃಂದಗಳನ್ನು ನಡೆಸಿ ಲೋಕವಿಖ್ಯಾತನಾದನು. ಮನೆಯಲ್ಲಿ ಕೇಳಿದ್ದು ಮಗುವಿನಲ್ಲಿ ಎಷ್ಟು ದೂರ ಹೋಗುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ಇನ್ನು “ಗದ್ದಲ”ದ ಮಾತು. ಎಂಬತ್ತರಿಂದ ನೂರು ಜನ ಒಂದೇ ವೇದಿಕೆಯ ಮೇಲೆ ನುಡಿಸುವಾಗ ಮೊದಲ ಸಲ ಕೇಳುವವರಿಗೆ ಹಾಗೆನಿಸುವುದು ಸಹಜ. ನಮ್ಮ ಸಂಗೀತದಲ್ಲಿ ಒಂದು ರಾಗ, ಒಬ್ಬ ಗಾಯಕ. ತಂಬೂರಿಯ ಶ್ರುತಿಯ ಮೇಲೆ ಒಂದೇ ಎಳೆ ಬೆಳೆಯುತ್ತ ಹೋಗುತ್ತದೆ. ಅಲ್ಲಿ ಹಲವು ಎಳೆಗಳು ಒಟ್ಟಿಗೆ ನಡೆಯುತ್ತವೆ. ಪಿಟೀಲುಗಳು ಒಂದು ಮಾತು ಹೇಳುತ್ತಿರುವಾಗ ಕೊಳಲು ಅದಕ್ಕೆ ಮರುಮಾತು ಹೇಳುತ್ತದೆ, ಕೆಳಗೆ ದೊಡ್ಡ ತಂತಿವಾದ್ಯಗಳು ಬೇರೆಯೇ ನಡೆ ಹಿಡಿದಿರುತ್ತವೆ. ಈ ಮೂರೂ ಸ್ವರಗಳು ಒಂದೇ ಗಳಿಗೆಯಲ್ಲಿ ಹೊಂದಿಕೊಂಡು ಹುಟ್ಟಿಸುವ ಸುಖವನ್ನು ಅವರು ಹಾರ್ಮನಿ ಎನ್ನುತ್ತಾರೆ. ನಮ್ಮವರು ಗಮಕದಲ್ಲಿ ಹುಡುಕಿದ್ದನ್ನು ಅವರು ಸ್ವರಗಳ ಕೂಟದಲ್ಲಿ ಹುಡುಕಿದರು, ಅಷ್ಟೇ ವ್ಯತ್ಯಾಸ.

ವೇದಿಕೆಯನ್ನು ನೋಡುವ ಕ್ರಮವನ್ನೂ ಹೇಳಿಬಿಡುತ್ತೇವೆ. ಮುಂದೆ ಅರ್ಧಚಂದ್ರಾಕಾರವಾಗಿ ತಂತಿವಾದ್ಯಗಳು: ಎರಡು ಗುಂಪಿನ ಪಿಟೀಲುಗಳು, ಸ್ವಲ್ಪ ದೊಡ್ಡದಾದ ವಯೋಲ, ಮೊಳಕಾಲುಗಳ ನಡುವೆ ಹಿಡಿಯುವ ಚೆಲ್ಲೊ, ಆಳೆತ್ತರದ ಡಬಲ್ ಬಾಸ್. ನಡುವೆ ಕೊಳಲು, ಓಬೊ, ಕ್ಲಾರಿನೆಟ್, ಬಸೂನ್. ಅದರ ಹಿಂದೆ ಹಿತ್ತಾಳೆಯ ತುತ್ತೂರಿಗಳ ಸಂಸಾರ, ಕೊನೆಗೆ ಟಿಂಪನಿಯೆಂಬ ತಾಮ್ರದ ನಗಾರಿಗಳು. ಕಛೇರಿಗೆ ಮೊದಲು ಓಬೊ ಒಂದು ಸ್ವರವನ್ನು ಉದ್ದಕ್ಕೆ ಹಿಡಿಯುತ್ತದೆ. ಅದು ಸೆಕೆಂಡಿಗೆ ಸುಮಾರು 440 ಕಂಪನಗಳ ಸ್ವರ. ಉಳಿದ ವಾದ್ಯಗಳೆಲ್ಲ ಅದಕ್ಕೆ ತಮ್ಮ ಶ್ರುತಿ ಕೂಡಿಸುತ್ತವೆ. ತಂಬೂರಿಯ ಮುಂದೆ ಕುಳಿತು ಬೆಳೆದ ಅಜ್ಜಿಗೆ ಈ ಒಂದು ಗಳಿಗೆ ಖಂಡಿತ ಪರಕೀಯವೆನಿಸದು. ಬಳಿಕ ಕಂಡಕ್ಟರು ಬರುತ್ತಾನೆ. ಬಸ್ಸಿನವನಲ್ಲ, ಟಿಕೆಟು ಕೇಳುವುದಿಲ್ಲ. ತಾನು ಒಂದು ಸ್ವರವನ್ನೂ ನುಡಿಸದೆ ಕೈಯ ಸಣ್ಣ ಕೋಲಿನಿಂದ ನೂರು ಜನರ ಲಯವನ್ನು, ಏರಿಳಿತವನ್ನು ಹಿಡಿದಿಡುವುದೇ ಅವನ ಕೆಲಸ.

ಸಾಮಾನ್ಯವಾಗಿ ಕಛೇರಿ ಎರಡು ಗಂಟೆಯದು. ಮೊದಲು ಒಂದು ಸಣ್ಣ ಕೃತಿ, ಅನಂತರ ಒಬ್ಬ ಪಿಟೀಲು ಅಥವಾ ಪಿಯಾನೊ ವಿದ್ವಾಂಸರು ವೃಂದದೊಡನೆ ನುಡಿಸುವ ಕನ್ಚೆರ್ಟೊ, ವಿರಾಮದ ಬಳಿಕ ದೊಡ್ಡ ಸಿಂಫನಿ. ಸಿಂಫನಿಯಲ್ಲಿ ಬಹುಮಟ್ಟಿಗೆ ನಾಲ್ಕು ಭಾಗಗಳಿರುತ್ತವೆ. ಮೊದಲ ಭಾಗದಲ್ಲಿ ಎರಡು ಮುಖ್ಯ ಧಾಟಿಗಳನ್ನು ಪರಿಚಯಿಸಿ, ಅವನ್ನು ಒಡೆದು, ಹೊರಳಿಸಿ, ಬೇರೆ ಬೇರೆ ಸ್ಥಾಯಿಗಳಲ್ಲಿ ಅಲೆದಾಡಿಸಿ, ಕೊನೆಗೆ ಮನೆಗೆ ಕರೆತರುತ್ತಾರೆ. ಚರಣ ಮುಗಿಸಿ ಪಲ್ಲವಿಗೆ ಮರಳುವ ಸುಖವನ್ನು ಬಲ್ಲ ನಮಗೆ ಇದು ಅರ್ಥವಾಗದ ಮಾತೇನಲ್ಲ. ಬೀಥೋವನ್ನನ ಐದನೆಯ ಸಿಂಫನಿ ನಾಲ್ಕೇ ಸ್ವರಗಳ ಒಂದು ತುಣುಕಿನಿಂದ ಹುಟ್ಟುತ್ತದೆ. 1808ರ ಡಿಸೆಂಬರ್ 22ರಂದು ವಿಯೆನ್ನಾದ ಕೊರೆಯುವ ಚಳಿಯಲ್ಲಿ ಅದು ಮೊದಲ ಸಲ ಕೇಳಿಬಂದಾಗ ಕಛೇರಿ ನಾಲ್ಕು ಗಂಟೆ ನಡೆಯಿತು. ಬರೆದವನ ಕಿವಿ ಆಗಲೇ ಮಂದವಾಗುತ್ತ ಬಂದಿತ್ತು.

ಒಂದು ಎಚ್ಚರಿಕೆ. ನಮ್ಮ ಬೈಠಕ್ಕಿನಲ್ಲಿ ಚೆಂದದ ಜಾಗ ಬಂದರೆ “ವ್ಹಾ” ಎನ್ನುವುದು ಮರ್ಯಾದೆ. ಅಲ್ಲಿ ಭಾಗಗಳ ನಡುವೆ ಚಪ್ಪಾಳೆಯನ್ನೂ ತಟ್ಟುವುದಿಲ್ಲ. ಪೂರ್ತಿ ಮುಗಿದು ಕಂಡಕ್ಟರ್ ಕೈ ಕೆಳಗಿಳಿಸಿದ ಮೇಲೆ ಮಾತ್ರ. ಇದೂ ಹಿಂದಿನಿಂದ ಬಂದ ನಿಯಮವಲ್ಲ. 1778ರಲ್ಲಿ ಪ್ಯಾರಿಸಿನ ಜನ ತನ್ನ ಸಿಂಫನಿಯ ನಡುನಡುವೆಯೇ ಚಪ್ಪಾಳೆ ತಟ್ಟಿದರೆಂದು ಮೋಜಾರ್ಟ್ ಸಂತೋಷದಿಂದ ತಂದೆಗೆ ಕಾಗದ ಬರೆದಿದ್ದನು. ಮೌನದ ಕಟ್ಟಳೆ ಆಮೇಲಿನದು. ಆದರೂ ಅವರ ಮನೆಗೆ ಹೋದಾಗ ಅವರ ರೀತಿ ನಡೆಯೋಣ.

ಈಗ ಮುಖ್ಯ ಪ್ರಶ್ನೆ: ಇದು ನಮ್ಮದೆ, ಪರಕೀಯವೆ?

ನಮ್ಮ ಪಿಟೀಲನ್ನೇ ನೋಡಿ. ಅದು ಯುರೋಪಿನಿಂದ ಬಂದ ವಾದ್ಯ. ಸುಮಾರು ಇನ್ನೂರು ವರ್ಷಗಳ ಹಿಂದೆ ದಕ್ಷಿಣದ ವಿದ್ವಾಂಸರು ಅದನ್ನು ಕೈಗೆತ್ತಿಕೊಂಡು, ನಿಂತು ನುಡಿಸುವುದನ್ನು ಬಿಟ್ಟು ಚಕ್ಕಳಮಕ್ಕಳ ಕುಳಿತು ನುಡಿಸಿ, ನಮ್ಮ ಗಮಕಗಳನ್ನು ಅದಕ್ಕೆ ಕಲಿಸಿದರು. ನಮ್ಮ ಮೈಸೂರಿನ ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಯ ಆ ವಾದ್ಯಕ್ಕೆ ಏಳು ತಂತಿ ಕಟ್ಟಿದರು. ಇಂದು ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವೇ ಪಿಟೀಲಿನ ಆಕಾರದಲ್ಲಿದೆ. ಹಾರ್ಮೋನಿಯಮ್ಮೂ ಹೊರಗಿನಿಂದ ಬಂದದ್ದೇ. ಅದು ನಮ್ಮ ಸಂಗೀತಕ್ಕೆ ಹೊಂದದೆಂದು ಆಕಾಶವಾಣಿ 1940ರಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೊರಗಿಟ್ಟಿತು. ಅದೇ ಕಾಲದಲ್ಲಿ ನಮ್ಮ ನಾಟಕ ಕಂಪನಿಗಳೂ ಭಜನೆಯ ಮನೆಗಳೂ ಅದನ್ನು ಬಿಡದೆ ಸಾಕಿದವು. ಪರಕೀಯವೆಂದು ಬಾಗಿಲು ಹಾಕಿದ್ದರೆ ನಮಗೆ ಚೌಡಯ್ಯನವರು ಸಿಗುತ್ತಿರಲಿಲ್ಲ.

ಮೈಸೂರೆಂದಾಗ ಇನ್ನೊಂದು ಕಥೆಯನ್ನು ಹೇಳಲೇಬೇಕು. ಇದನ್ನು ನಮ್ಮ ಮಕ್ಕಳಲ್ಲಿ ಬಹಳ ಮಂದಿ ಕೇಳಿಲ್ಲ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು. ಇಂದಿಗೂ ದಸರೆಯಲ್ಲಿ ಪೋಲೀಸ್ ಬ್ಯಾಂಡಿನವರು ಎರಡೂ ಬಗೆಯ ಸಂಗೀತ ನುಡಿಸುತ್ತಾರೆ. ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರು (1919–1974) ಪಿಯಾನೊ ಅಭ್ಯಾಸ ಮಾಡಿ ಲಂಡನ್ನಿನ ಸಂಗೀತ ಶಾಲೆಯ ಪದವಿಯನ್ನೂ ಪಡೆದಿದ್ದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ದೇಶ ಬಿಟ್ಟು, ವಯಸ್ಸಾಗಿ, ಲಂಡನ್ನಿನಲ್ಲಿ ಜನರ ಮರವೆಗೆ ಸಂದಿದ್ದಾಗ, ಅವನ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಲು ಹಣ ಕೊಟ್ಟವರು ಇವರೇ. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರೇ. ಜರ್ಮನಿಯ ರಿಖಾರ್ಡ್ ಸ್ಟ್ರಾಸ್ ಸಾಯುವ ಮುಂಚಿನ ವರ್ಷ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದವು. ಆ ಕಛೇರಿಯ ಖರ್ಚಿಗೆ ಹೊಣೆ ನಿಂತವರು ಮೈಸೂರಿನ ಅರಸರು. ತಾವು ಹೋಗಲಾರದ್ದರಿಂದ ಅದರ ಧ್ವನಿಮುದ್ರಣವನ್ನು ಮೈಸೂರಿಗೆ ಕಳುಹಿಸಬೇಕೆಂದು ಕೇಳಿದ್ದರು.

ಇಷ್ಟೆಲ್ಲ ಮಾಡಿದವರು ನಮ್ಮ ಸಂಗೀತವನ್ನು ಮರೆತರೆ? ಇಲ್ಲ. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಇದೇ ಒಡೆಯರು. ಒಂದು ಕಿವಿ ತೆರೆದರೆ ಇನ್ನೊಂದು ಮುಚ್ಚುತ್ತದೆಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಸಮಾಧಾನ ನಮಗೆ ಗೊತ್ತಿಲ್ಲ.

ಮಹಾರಾಜರ ಮಾತು ಮಹಾರಾಜರಿಗೆ ಎನ್ನಬಹುದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಹುಡುಗ ಶಿವಪುತ್ರ ಕೊಂಕಾಳಿಮಠ, ಅಂದರೆ ನಮ್ಮ ಕುಮಾರ ಗಂಧರ್ವರು, ಮುಂಬಯಿಗೆ ಬಂದು ಕಲಿತದ್ದು ಬಿ.ಆರ್. ದೇವಧರರ ಶಾಲೆಯಲ್ಲಿ. ಆ ದೇವಧರರು ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದವರು. ಇನ್ನು ನಾವು ದಿನವೂ ಗುಣುಗುಟ್ಟುವ ಸಿನಿಮಾ ಹಾಡುಗಳ ಹಿಂದಿನ ಪಿಟೀಲುಗಳ ಅಲೆ ಎಲ್ಲಿಂದ ಬಂತು? ಗೋವೆಯ ಅಂತೋನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜರಂಥ ವಿದ್ವಾಂಸರು ಮುಂಬಯಿಯ ಸ್ಟುಡಿಯೊಗಳಲ್ಲಿ ರಾಗಕ್ಕೂ ಹಾರ್ಮನಿಗೂ ನಂಟು ಬೆಸೆದುದರಿಂದ. ನಮ್ಮ ಕನ್ನಡ ಚಿತ್ರಗಳ ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದ ಇಳಯರಾಜರು 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ತಮ್ಮದೇ ಸಿಂಫನಿಯನ್ನು ಕೇಳಿಸಿದರು. ಎನ್.ಸಿ.ಪಿ.ಎ.ಯ ಈ ವೃಂದಕ್ಕಾಗಿಯೇ ಉಸ್ತಾದ್ ಜಾಕಿರ್ ಹುಸೇನರು ತಬಲ ಮತ್ತು ವಾದ್ಯವೃಂದದ ಕನ್ಚೆರ್ಟೊ ‘ಪೇಶ್ಕಾರ್’ ರಚಿಸಿ 2015ರಲ್ಲಿ ನುಡಿಸಿದರು; 2019ರಲ್ಲಿ ಇಂಗ್ಲೆಂಡಿಗೂ ಅದನ್ನು ಕೊಂಡೊಯ್ದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೂ ಆ ಕೃತಿ ಉಳಿದಿದೆ. ಅತ್ತೆಯವರಿಗೆ ಮೊದಲು ಕೇಳಿಸಬೇಕಾದ್ದು ಅದನ್ನೇ ಎಂದು ನಮ್ಮ ಸಲಹೆ.

ಒಂದು ಕೊರತೆಯನ್ನು ಮುಚ್ಚಿಡಲಾರೆವು. ‘ಇಂಡಿಯಾ’ ಎಂಬ ಹೆಸರು ಹೊತ್ತ ಈ ವೃಂದದಲ್ಲಿ ಋತುವಿಗಾಗಿ ವಿದೇಶದಿಂದ ಬರುವ ವಾದಕರು ಬಹಳ ಮಂದಿ. ಓಬೊ, ಬಸೂನ್, ಹಾರ್ನ್‌ಗಳನ್ನು ಆ ಮಟ್ಟಕ್ಕೆ ನುಡಿಸುವವರು ನಮ್ಮ ದೇಶದಲ್ಲಿ ವಿರಳ. ಈ ಕೊರತೆಯನ್ನು ನೀಗಲೆಂದೇ 2012ರಲ್ಲಿ ಎನ್.ಸಿ.ಪಿ.ಎ.ಯಲ್ಲಿ ಮಕ್ಕಳ ಸಂಗೀತ ಶಾಲೆಯೊಂದನ್ನು ತೆರೆದರು. ಎಳೆಯ ವಯಸ್ಸಿನಿಂದಲೇ ವಾದ್ಯದೊಂದಿಗೆ ಸ್ವರಜ್ಞಾನ, ಮೇಳಗಾನಗಳನ್ನು ರಷ್ಯನ್ ಪದ್ಧತಿಯಂತೆ ಅಲ್ಲಿ ಕಲಿಸುತ್ತಾರೆ. ಆದರೆ ಶಾಲೆ ಇರುವುದು ನಗರದ ದಕ್ಷಿಣ ತುದಿಯಲ್ಲಿ. ಡೊಂಬಿವಲಿಯ ತಾಯಿ ವಾರಕ್ಕೆ ಹಲವು ಸಲ ಮಗುವನ್ನು ಅಲ್ಲಿಗೆ ಒಯ್ಯುವುದು ಹೇಗೆ? ಪ್ರತಿಭೆ ಹುಟ್ಟುವಾಗ ಪಿನ್‌ಕೋಡು ನೋಡಿಕೊಂಡು ಹುಟ್ಟುವುದಿಲ್ಲ. ನಮ್ಮ ಸಂಘಗಳು ಪ್ರತಿಭಾ ಪುರಸ್ಕಾರಕ್ಕೆಂದು ಕೂಡಿಸುವ ಹಣದಲ್ಲಿ ಒಂದು ಪಾಲನ್ನು ವಾದ್ಯ ಕಲಿಯುವ ಮಕ್ಕಳ ಪ್ರಯಾಣಕ್ಕೂ ಪಾಠಕ್ಕೂ ತೆಗೆದಿಟ್ಟರೆ ಹೇಗೆ? ಕಾರ್ಯಕಾರಿ ಸಮಿತಿಯವರು ಯೋಚಿಸಬೇಕಾಗಿ ವಿನಂತಿ.

ಇನ್ನು ಯಜಮಾನರ ಲೆಕ್ಕ. ಲೆಕ್ಕ ತಪ್ಪಲ್ಲ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಠಾಣೆಯಿಂದ ಸುಮಾರು 34, ಡೊಂಬಿವಲಿಯಿಂದ 48, ಕಲ್ಯಾಣದಿಂದ 54 ಕಿಲೋಮೀಟರು. ಆದರೆ ದಾರಿ ಹಿಂದಿಗಿಂತ ಸುಲಭವಾಗಿದೆ. 2025ರ ಅಕ್ಟೋಬರಿನಲ್ಲಿ ಮೆಟ್ರೊ ಮೂರನೆಯ ಮಾರ್ಗ ಕಫ್ ಪರೇಡಿನವರೆಗೆ ತೆರೆಯಿತು. ಟರ್ಮಿನಸ್ಸಿನಲ್ಲಿ ಲೋಕಲ್ ಇಳಿದು ಮೆಟ್ರೊ ಹತ್ತಿದರೆ ಮೂರನೆಯ ನಿಲ್ದಾಣ ವಿಧಾನ ಭವನ. ಅಲ್ಲಿಂದ ಸ್ವಲ್ಪ ನಡಿಗೆ. ವಾಶಿ, ನೆರೂಳು, ಪನವೇಲಿನವರಿಗೆ ಹಾರ್ಬರ್ ಮಾರ್ಗವಿದೆ. ಸ್ವಂತ ವಾಹನವಿದ್ದರೆ 2024ರಲ್ಲಿ ತೆರೆದ ಅಟಲ್ ಸೇತುವೂ ಇದೆ. ಭಾನುವಾರ ಸಂಜೆ ಬೇಗ ಆರಂಭವಾಗುವ ಕಛೇರಿಯಿದ್ದರೆ ಅದನ್ನೇ ಆರಿಸಿಕೊಳ್ಳಿ. ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಹಿಂದಿನ ಸಾಲಿನ ಟಿಕೆಟು ಕಡಿಮೆ ಬೆಲೆಯದೆಂದು ಸಂಕೋಚಪಡಬೇಕಾಗಿಲ್ಲ. ಮಕ್ಕಳ ವಯಸ್ಸಿನ ನಿಯಮವನ್ನು ಮೊದಲೇ ವಿಚಾರಿಸಿ. ತಡವಾಗಿ ಹೋದರೆ ನಡುವೆ ಒಳಗೆ ಬಿಡುವುದಿಲ್ಲ; ಆದುದರಿಂದ ಅರ್ಧ ಗಂಟೆ ಮುಂಚೆ ಅಲ್ಲಿರಿ. ಚಕ್ಕುಲಿಯ ಡಬ್ಬಿ ವಿರಾಮದವರೆಗೆ ಚೀಲದಲ್ಲೇ ಇರಲಿ.

ಹೋಗುವ ಮುನ್ನ ಮನೆಯಲ್ಲಿ ಒಂದು ತಯಾರಿ ಬೇಕು. ಅಂದು ನುಡಿಸುವ ದೊಡ್ಡ ಕೃತಿಯನ್ನು ಮೊಬೈಲಿನಲ್ಲೋ ಟೀವಿಯಲ್ಲೋ ಮೂರು ಸಲ ಕೇಳಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಮುಖ್ಯ ಧಾಟಿ ಎಲ್ಲಿ ಮರಳಿತೆಂದು ಗುರುತಿಸುತ್ತ. ಮೂರನೆಯ ಸಲ ಅದನ್ನು ಯಾವ ವಾದ್ಯ ನುಡಿಸಿತೆಂದು ನೋಡುತ್ತ. ಗುರುತು ಸಿಕ್ಕದ ಊರಿನಲ್ಲಿ ದಾರಿ ಉದ್ದವೆನಿಸುತ್ತದೆ. ಒಂದೆರಡು ಅಂಗಡಿಗಳ ಗುರುತು ಸಿಕ್ಕರೆ ಅದೇ ದಾರಿ ಹತ್ತಿರವಾಗುತ್ತದೆ. ಸಂಗೀತವೂ ಹಾಗೆಯೇ.

ಕೊನೆಗೆ ಅತ್ತೆಯವರಿಗೆ ಎರಡು ಮಾತು. ತಾಯಿ, ನೀವು ಹೆಸರೆತ್ತಿದ ಭೀಮಸೇನ ಜೋಶಿಯವರು ಗದಗದಲ್ಲಿ ಚಿಕ್ಕವರಿದ್ದಾಗ, ಬೀದಿಯಲ್ಲಿ ಬ್ಯಾಂಡು, ಭಜನೆ ಯಾವುದು ಹೋದರೂ ಹಿಂದೆಯೇ ಹೋಗಿಬಿಡುತ್ತಿದ್ದರಂತೆ. ಹುಡುಕಿ ಸಾಕಾದ ತಂದೆ ‘ಜೋಶಿ ಮಾಸ್ತರರ ಮಗ’ ಎಂದು ಅಂಗಿಯ ಮೇಲೆಯೇ ಬರೆಸಿದ್ದರೆಂದು ಹೇಳುವುದುಂಟು. ಗುರುವನ್ನು ಹುಡುಕಿ ಅವರು ಮನೆ ಬಿಟ್ಟು ಹೊರಟದ್ದು ಹನ್ನೊಂದರ ವಯಸ್ಸಿನಲ್ಲಿ. ನಿಮ್ಮ ಮೊಮ್ಮಗಳಿಗೂ ಈಗ ಹನ್ನೊಂದು. ಅವಳು ಮನೆ ಬಿಟ್ಟು ಹೋಗುತ್ತಿಲ್ಲ. ಕ್ಯಾಲೆಂಡರಿನ ಮುಂದೆ ನಿಂತು ನಿಮ್ಮ ಒಪ್ಪಿಗೆ ಕಾಯುತ್ತಿದ್ದಾಳೆ.

ಅವಳೊಂದಿಗೆ ನೀವೂ ಹೋಗಿ. ಯಾವ ವಾದ್ಯಕ್ಕೆ ಏನೆನ್ನುತ್ತಾರೆಂದು ಅವಳು ನಿಮ್ಮ ಕಿವಿಯಲ್ಲಿ ಕನ್ನಡದಲ್ಲಿಯೇ ಹೇಳಬೇಕಾಗುತ್ತದೆ. ಬರುವ ಗಾಡಿಯಲ್ಲಿ ನೀವು ಕೇಳುವ ಪ್ರಶ್ನೆಗಳಿಗೂ ಕನ್ನಡದಲ್ಲಿಯೇ ಉತ್ತರ ಕೊಡಬೇಕಾಗುತ್ತದೆ. ಶಾಲೆಯ ಪಾಠ, ಊಟ, ನಿದ್ದೆ ಇವುಗಳಾಚೆ ಅಜ್ಜಿಯೊಡನೆ ಆಡಲು ಅವಳಿಗೊಂದು ದೊಡ್ಡ ವಿಷಯ ಸಿಕ್ಕುತ್ತದೆ. ಆಡುವ ಮಾತಿದ್ದಷ್ಟು ದಿನ ಆ ಕೋಣೆಯಲ್ಲಿ ಕನ್ನಡವೂ ಇರುತ್ತದೆ. ಇದಕ್ಕೆ ಬದಲಾಗಿ ನೀವೂ ಒಂದು ಕರಾರು ಹಾಕಿ: ಒಂದು ಸಿಂಫನಿಗೆ ಒಂದು ನಮ್ಮ ಕಛೇರಿ. ಚಳಿಗಾಲ ಬರಲಿ; ಕಲ್ಯಾಣದ ಗಾಯನ ಸಮಾಜವಿದೆ, ಸಾಯನ್ನಿನ ಷಣ್ಮುಖಾನಂದ ಸಭೆಯಿದೆ, ಮಾಟುಂಗದ ಮೈಸೂರು ಅಸೋಸಿಯೇಷನ್ ಇದೆ. ಅಲ್ಲಿ ಅವಳ ಪಕ್ಕದಲ್ಲಿ ಕುಳಿತು ರಾಗದ ಹೆಸರು ಹೇಳಿಕೊಡುವ ಸರದಿ ನಿಮ್ಮದು.

ನಮ್ಮ ತೀರ್ಪು ಇಷ್ಟೇ: ನಾಲ್ಕು ಟಿಕೆಟು ತೆಗೆಯುವುದು. ಯಜಮಾನರು ಕ್ಷಮಿಸಬೇಕು. ಹೋಗಿ ಬಂದ ಮೇಲೆ ಅತ್ತೆಯವರೇ ನಮಗೊಂದು ಕಾಗದ ಬರೆಯಲಿ. ಅವರು ಗದ್ದಲವೆಂದು ಬರೆದರೂ ಮುಂದಿನ ಸಂಚಿಕೆಯಲ್ಲಿ ಅಕ್ಷರ ಬದಲಿಸದೆ ಅಚ್ಚು ಹಾಕುತ್ತೇವೆ.